ಕಸಬಾ ಪೇಟೆಯ ಪರೀಕ್ಷೆ

ನಾನು ಇಂದಾಪುರಕ್ಕೆ ಹೋಗಿ ಬಂದ ಮೇಲೆ ಮನೆಯಲ್ಲಿ ನನ್ನ ಮರ್ಯಾದೆ ಮೂರು ಕಾಸಿಗೆ ಬಂತು. ಹೋಗಬೇಕಾದದ್ದು ಪುಣೆಯ ಒಳಗೇ ಇರುವ ಹಡಪಸರಕ್ಕೆ, ನನ್ನ ಜೊತೆ ಕೆಲಸ ಮಾಡಿ ನಿವೃತ್ತನಾದವನೊಬ್ಬನ ಮನೆಗೆ. ಸ್ವಾರಗೇಟಿನಲ್ಲಿ ದೂರದ ಊರಿಗೆ ಹೋಗುವ ಎಸ್‌ಟಿ ಬಸ್ಸು ಹತ್ತಿದೆ. ಇಳಿದಾಗ ಹಡಪಸರ ಹಿಂದೆ ಬಿದ್ದು ಮೂರು ತಾಸಾಗಿತ್ತು, ಸೋಲಾಪುರದ ಅರ್ಧ ದಾರಿ ಸವೆದಿತ್ತು. ನಿದ್ದೆ ಹತ್ತಿತು ಎಂದು ಎಲ್ಲರಿಗೂ ಹೇಳಿದೆ. ಅರವತ್ತೊಂಬತ್ತು ವರ್ಷದ ಮನುಷ್ಯ ಬಸ್ಸಿನಲ್ಲಿ ಮಲಗಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಬಿತ್ತು.

ಅಲ್ಲಿನ ಬಸ್ ಸ್ಟ್ಯಾಂಡಿನಿಂದ ಹೆಂಡತಿಗೆ ಫೋನ್ ಹಚ್ಚಿದ್ದೆ.

"ಎಲ್ಲಿದ್ದೀರಿ?"

"ಇಂದಾಪುರದಾಗ."

"ಅಲ್ಲೇನದ?"

"ಕಬ್ಬು."

ಆಕೆ ಮಾತಾಡದೆ ಫೋನ್ ಇಟ್ಟಳು. ಮದುವೆಯಾಗಿ ನಲವತ್ತೆರಡು ವರ್ಷದಲ್ಲಿ ಆಕೆ ಮಾತಾಡದೆ ಫೋನ್ ಇಟ್ಟದ್ದು ಅದೊಂದೇ ಸಲ.

ಸಂಜೆ ಮನೆಗೆ ಬಂದರೆ ಮಗಳು ನ್ಯಾಯಾಧೀಶೆಯ ಹಾಗೆ ಕೂತಿದ್ದಳು. ವಾಕಡದ ಈ ಫ್ಲ್ಯಾಟು ಅವಳದೂ ಅಳಿಯನದೂ. ಇಬ್ಬರೂ ಹಿಂಜವಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರು, ನಾವಿಬ್ಬರು ಅವರ ಜೊತೆ ಇರುವವರು. ಅವಳ ತೀರ್ಪು ಸಿದ್ಧವಾಗಿತ್ತು. ಒಂದು, ಅಪ್ಪ ಇನ್ನು ಒಬ್ಬನೇ ಹೊರಗೆ ಹೋಗುವಂತಿಲ್ಲ. ಎರಡು, ನೆನಪಿನ ಡಾಕ್ಟರಿಗೆ ತೋರಿಸಬೇಕು.

"ನೆನಪಿನ ಡಾಕ್ಟರ್ ಅಂದ್ರ ಯಾರು? ಹುಚ್ಚರ ಡಾಕ್ಟರೇನು?" ಅಂದೆ.

"ಅಪ್ಪಾ, ಹಂಗಲ್ಲ."

"ಹಂಗ ಅದು. ನಿಮ್ಮೆಲ್ಲಾರ ತಲಿ ಕೂಡಿಸಿದ್ರೂ ನನ್ನ ತಲಿ ಸಮ ಆಗಂಗಿಲ್ಲ. ನಾ ಯಾವ ಡಾಕ್ಟರಗೂ ಮಾರಿ ತೋರಸಂಗಿಲ್ಲ."

ನಾನು ಧಾರವಾಡದಿಂದ ಬಂದು ಪಿಂಪರಿಯ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವನು. ನಕ್ಷೆ ಬರೆದು ಹೊಟ್ಟೆ ಹೊರೆದವನು. ಕೂದಲೆಳೆಯಷ್ಟು ಗೆರೆ ಆಚೀಚೆ ಆದರೆ ಹಾಳೆ ಹರಿದು ಹೊಸದು ಬರೆಯುತ್ತಿದ್ದವನು. ಅಂಥವನಿಗೆ ದಾರಿ ತಪ್ಪಿತು ಅಂದರೆ ಹೊಟ್ಟೆ ಉರಿಯುವುದಿಲ್ಲವೇ? ಉರಿಯಿತು. ಆದರೆ ಮನೆಯಿಂದ ಹೊರಡಲು ಎದ್ದರೆ ಸಾಕು, ಯಾರಾದರೊಬ್ಬರು ಚಪ್ಪಲಿ ಮೆಟ್ಟಿ ಬೆನ್ನಿಗೆ ಬರುತ್ತಿದ್ದರು. ಕ್ಷೌರಕ್ಕೂ ಅಷ್ಟೇ.

ಹೀಗೆ ಐದು ವಾರ ಮನೆಯಲ್ಲಿ ಕೊಳೆತೆ. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ. ನನಗೆ ಸಿಕ್ಕಿದ್ದು ಹೆಂಡತಿಯ ಅಡುಗೆಮನೆ. ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ, ಕಾರ್ಖಾನೆಯ ಅಕ್ಷರದಲ್ಲಿ, ಗೆರೆ ಎಳೆದು: ಸಾಸಿವೆ, ಜೀರಿಗೆ, ಮೆಂತ್ಯ. ಎತ್ತರದ ಪ್ರಕಾರ ಜೋಡಿಸಿದೆ. ಒಂದು ದಿನ ಆಕೆ ಬಡಿದ ರೊಟ್ಟಿಗಳ ಮೇಲೆ ಅಳತೆಪಟ್ಟಿ ಇಟ್ಟು, ಎರಡನೆಯದು ಅರ್ಧ ಇಂಚು ಸಣ್ಣದಿದೆ ಎಂದು ತಿಳಿಸಿದೆ. ಆಕೆ ರೊಟ್ಟಿ ಹಂಚಿನ ಮೇಲೆ ಬಿಟ್ಟು ಪಡಸಾಲೆಗೆ ಬಂದು ಮಗಳಿಗೆ ಹೇಳಿದಳು:

"ಯವ್ವಾ, ಇವರನ್ನ ಹೊರಗರ ಬಿಡ್ರಿ, ಇಲ್ಲಾ ನನ್ನನ್ನರ ಯಾವುದರ ಆಶ್ರಮಕ್ಕ ಕಳಸ್ರಿ. ಎರಡರಾಗ ಒಂದು ಇವತ್ತ ಆಗಬೇಕು."

ಆಗ ಬಾಯಿ ಹಾಕಿದವನು ಅಳಿಯ. ತುಮಕೂರಿನವನು, ಒಳ್ಳೆಯ ಹುಡುಗ. ಯಾವ ಸಮಸ್ಯೆಗೂ ಅವನ ಬಳಿ ಒಂದು ಪ್ರಿಂಟೌಟ್ ಇರುತ್ತದೆ.

"ಸಿಂಪಲ್ ಮಾವ. ಓಲ್ಡ್ ಸಿಟೀಲಿ, ಕಸಬಾ ಪೇಟೆ ಕಡೆ, ಒಂದು ವಾಕ್ ಇದೆ. ಗೈಡ್ ಯಾರೂ ಇರಲ್ಲ, ಪೇಪರ್ ನೋಡ್ಕೊಂಡು ನಾವೇ ಹೋಗೋದು. ಏಳು ಸ್ಟಾಪ್. ಏಳನ್ನೂ ನೀವೊಬ್ರೇ ಹುಡುಕಿದ್ರೆ ಮ್ಯಾಟರ್ ಕ್ಲೋಸ್. ಡಾಕ್ಟರೂ ಬೇಡ, ಯಾರೂ ನಿಮ್ಮ ಹಿಂದೆ ಬರೋದೂ ಬೇಡ."

"ಒಂದ ಒಂದು ತಪ್ಪಿದ್ರೂ ಡಾಕ್ಟರ್ ಕಡೆ ನಡೀಬೇಕು," ಅಂದಳು ಮಗಳು. "ಒಬ್ಬಾವ ಹೊರಗ ಹೋಗೋದು ಕಾಯಂ ಬಂದ್. ಒಪ್ಪತೀ?"

ಒಪ್ಪಿದೆ. ಫೋನ್ ನೋಡುವಂತಿಲ್ಲ, ದಾರಿಯಲ್ಲಿ ಜನರನ್ನು ಕೇಳಬಹುದು. ದಾರಿಯ ಹಾಳೆ ನನಗೊಂದು, ಪರೀಕ್ಷಕಿಗೊಂದು. ಪರೀಕ್ಷಕಿ ನನ್ನ ಹೆಂಡತಿ. ಹತ್ತು ಹೆಜ್ಜೆ ಹಿಂದೆ ಬರಬೇಕು, ಒಂದೊಂದು ಜಾಗ ಸಿಕ್ಕಂತೆ ಅವಳ ಕೈಯ ಹಾಳೆಯಲ್ಲಿ ರೈಟ್ ಹಾಕಬೇಕು, ಮತ್ತು ತುಟಿ ಪಿಟಕ್ಕೆನ್ನಬಾರದು. ಈ ಕೊನೆಯ ನಿಯಮ ಕೇಳಿ ನನಗೆ ಖುಷಿಯೋ ಖುಷಿ. ಹಳೆಯ ಪೇಟೆ ಅಂದರೆ ಯಾವ ಸುಟ್ಟ ಬದನೆಕಾಯಿ, ನಲವತ್ತು ವರ್ಷದಿಂದ ಈ ಊರಲ್ಲಿದ್ದೇನೆ ಎಂದು ಎದೆ ಉಬ್ಬಿಸಿದೆ. ನಿಜ ಹೇಳಬೇಕೆಂದರೆ ಆ ನಲವತ್ತು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಮದುವೆಯ ಸೀರೆ ಕೊಳ್ಳಲು ಮಾತ್ರ. ಹೋದ ರಸ್ತೆಯಲ್ಲೇ ಬಾಯಿ ಮುಚ್ಚಿಕೊಂಡು ವಾಪಸು ಬರುತ್ತಿದ್ದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಡುವುದೆಂದು ಮಾತಾಗಿತ್ತು. ಎಂಟಕ್ಕೆ ನಾನು ಚಪ್ಪಲಿ ಮೆಟ್ಟಿದೆ. ಹೆಂಡತಿ ಒಲೆ ಹಚ್ಚಿದಳು.

"ಉಣಲಾರದ ಹೊಂಟ್ರ ಹೆಂಗ್ರಿ? ಹೊರಗ ಏನು ತಿಂತೀರಿ, ಆ ಬಟಾಟೆ ವಡಾನ?"

ನಮ್ಮ ಕಡೆಯವರಿಗೆ ಇದೊಂದು ರೋಗ. ಓಣಿಯ ತುದಿಯ ಅಂಗಡಿಗೆ ಹೋಗುವುದಿದ್ದರೂ ಉಂಡೇ ಹೊರಡಬೇಕು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಉಂಡ ಮೇಲೆ ಐದು ನಿಮಿಷ ಅಡ್ಡಾಗಬೇಕು. ಅಡ್ಡಾದ ಮೇಲೆ ಚಹಾ ಆಗಬೇಕು. ಎರಡು ಬಸ್ಸು ಬದಲಿಸಿ ಶನಿವಾರವಾಡೆಯ ಮುಂದೆ ಇಳಿದಾಗ ಹನ್ನೆರಡೂವರೆ, ಮಾರ್ಚ್ ತಿಂಗಳ ಬಿಸಿಲು ನೆತ್ತಿ ಸುಡುತ್ತಿತ್ತು. ಹಳೆಯ ಪುಣೆಯಲ್ಲಿ ಒಂದರಿಂದ ನಾಲ್ಕು ಗಂಟೆಯವರೆಗೆ ಅಂಗಡಿ ಮುಚ್ಚಿ ಮಲಗುವುದು ಪದ್ಧತಿ. ಆ ಹೊತ್ತಿನಲ್ಲಿ ಸಾಕ್ಷಾತ್ ದೇವರು ಬಂದು ಬೆಲ್ ಒತ್ತಿದರೂ ಬೈಸಿಕೊಂಡು ಹೋಗಬೇಕು. ಇದು ನಮಗೆ ಗೊತ್ತಿಲ್ಲದ್ದೇನಲ್ಲ. ರೊಟ್ಟಿಯ ಮುಂದೆ ನೆನಪಾಗಲಿಲ್ಲ.

ಮೊದಲ ಜಾಗ ಶನಿವಾರವಾಡೆ, ಊರ ನಡುವಿನ ದೊಡ್ಡ ಕೋಟೆ. ಇದನ್ನು ಹುಡುಕಲು ಕಣ್ಣೂ ಬೇಕಾಗಿಲ್ಲ. ಹಾಳೆಯಲ್ಲಿ ಅರ್ಧ ಪುಟ ವರ್ಣನೆ: ಆನೆ ಹಣೆಯಿಂದ ಗುದ್ದಿ ಒಡೆಯದಿರಲಿ ಎಂದು ಬಾಗಿಲಿಗೆ ಉಕ್ಕಿನ ಮೊಳೆ ಹೊಡೆದಿದ್ದಾರಂತೆ. ಈಗ ಆನೆ ಬಂದರೆ ಮೊದಲು ನಿಲ್ಲಿಸಲು ಜಾಗ ಹುಡುಕಬೇಕು. ಒಳಗೆ ಅರಮನೆ ಸುಟ್ಟುಹೋಗಿ ಅಡಿಪಾಯ ಉಳಿದಿದೆ, ಅಡಿಪಾಯದ ಮೇಲೆ ಹುಲ್ಲು, ಹುಲ್ಲಿನ ಮೇಲೆ ಜೋಡಿಗಳು. ತಿರುಗಿ ನೋಡಿದೆ. ಹತ್ತು ಹೆಜ್ಜೆ ಹಿಂದೆ ಹಸಿರು ಸೀರೆಯುಟ್ಟ ಪರೀಕ್ಷಕಿ ಹಾಳೆಯನ್ನು ಪರ್ಸಿನ ಮೇಲಿಟ್ಟು ರೈಟ್ ಹಾಕುತ್ತಿದ್ದಳು. ಬಾಯಿ ಬಿಗಿಹಿಡಿದು ಹಿಡಿದು ಕೆನ್ನೆ ಊದಿಕೊಂಡಿತ್ತು.

ಎರಡನೆಯದು ಲಾಲ್ ಮಹಲ್. ಹಳೆಯದು ಬಿದ್ದುಹೋಗಿ, ಅದರ ನೆನಪಿಗೆ ಹೊಸದಾಗಿ ಕಟ್ಟಿದ ಹಳೆಯ ಮಹಲು. ರೈಟ್. ಮೂರನೆಯದು ಕಸಬಾ ಗಣಪತಿ, ಊರಿಗೇ ಮೊದಲ ಗಣಪತಿ. ಅಲ್ಲಿ ಹೆಂಡತಿ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. ಗಂಡ ಪಾಸಾಗಲಿ, ಹಗಲಲ್ಲಿ ಮನೆ ಖಾಲಿಯಾಗಲಿ ಎಂದು ಬೇಡಿಕೊಂಡಿದ್ದಾಳೆಂಬುದು ಆಕೆಯ ಹುಬ್ಬಿನಲ್ಲೇ ಕಾಣುತ್ತಿತ್ತು. ರೈಟ್.

ನಾಲ್ಕನೆಯ ಜಾಗ ತಾಂಬಟ ಓಣಿ, ತಾಮ್ರದ ಹಂಡೆ ಕೊಡ ಬಡಿಯುವವರ ಓಣಿ. ಹಾಳೆಯಲ್ಲಿ ದಾರಿಯ ಬಗ್ಗೆ ಇದ್ದದ್ದು ಇಷ್ಟೇ: ದೇವಸ್ಥಾನದಿಂದ ಹೊರಗೆ ಬಂದು ಸುತ್ತಿಗೆಯ ಸದ್ದು ಕೇಳುವ ಕಡೆಗೆ ನಡೆಯಿರಿ, ಸದ್ದೇ ನಿಮ್ಮನ್ನು ಓಣಿಗೆ ಮುಟ್ಟಿಸುತ್ತದೆ.

ಹೊರಗೆ ಬಂದು ಕಿವಿ ನಿಮಿರಿಸಿದೆ. ಒಂದು ಗಂಟೆ ಹೊಡೆದುಹೋಗಿತ್ತು. ಸುತ್ತಿಗೆಗಳೆಲ್ಲ ಊಟ ಮಾಡಿ ಮಲಗಿದ್ದವು. ಸದ್ದು ಅಂದರೆ ಒಂದು ಮನೆಯಿಂದ ಬರುತ್ತಿದ್ದ ಗೊರಕೆ ಮಾತ್ರ. ಈ ಹಾಳೆ ಬರೆದ ಪುಣ್ಯಾತ್ಮನ ಮನೆ ಹಾಳಾಗಲಿ, ಎಡಕ್ಕೆ ತಿರುಗಿ ಬಲಕ್ಕೆ ತಿರುಗಿ ಎಂದು ಬರೆಯಲು ಏನು ಧಾಡಿ? ನಾಲ್ಕು ಗೆರೆ ಎಳೆದಿದ್ದರೆ ಸಾಕಿತ್ತು.

ಜನರನ್ನು ಕೇಳೋಣವೆಂದರೆ ಜನವೇ ಇಲ್ಲ, ಬೋರ್ಡುಗಳಿವೆ. ಪುಣೆಯವರು ಬಾಯಲ್ಲಿ ಬೈದು ಸುಸ್ತಾಗುವುದಿಲ್ಲ, ಬರೆದು ತೂಗುಹಾಕುತ್ತಾರೆ. ಒಂದು ಮುಚ್ಚಿದ ಅಂಗಡಿಯ ಮೇಲೆ: ಇಲ್ಲಿ ವಿಳಾಸ ಕೇಳಬಾರದು, ನಮಗೂ ಗೊತ್ತಿಲ್ಲ. ಇನ್ನೊಂದು ಮನೆಯ ಕಟ್ಟೆಯ ಮೇಲೆ: ಕೂರಬೇಡಿ, ಕೂತವರು ಏಳುವುದಿಲ್ಲವೆಂಬುದು ನಮ್ಮ ಅನುಭವ. ಮೂರನೆಯದರ ಬಾಗಿಲಿಗೆ: ಬೆಲ್ ಒಂದೇ ಸಲ ಒತ್ತಿ, ನಾಲ್ಕರ ನಂತರ ಒತ್ತಿ, ಕೆಲಸವಿದ್ದರೆ ಮಾತ್ರ ಒತ್ತಿ. ಓದುತ್ತ ನಗುತ್ತ ಎಡಕ್ಕೆ ತಿರುಗಿದೆ. ಮತ್ತೆ ಬಲಕ್ಕೆ. ಮುಂದೆ ಅದೇ ಬೆಲ್ಲಿನ ಬೋರ್ಡು ಬಂತು. ಮತ್ತೊಂದು ಸುತ್ತು ಹಾಕಿದೆ. ಅದೇ ಬೋರ್ಡು.

ಇನ್ನು ನಿಜ ಹೇಳುತ್ತೇನೆ. ಇಂದಾಪುರದ ಬಸ್ಸಿನಲ್ಲಿ ನನಗೆ ನಿದ್ದೆ ಹತ್ತಿರಲಿಲ್ಲ. ಕಂಡಕ್ಟರ್ ಬಂದು ಎಲ್ಲಿಗೆ ಅಂದ. ಎಲ್ಲಿಗೆ ಎಂಬುದು ನನಗೆ ತಿಳಿಯಲಿಲ್ಲ. "ಈ ಗಾಡಿ ಎಲ್ಲಿಗೆ ಹೋಗುತ್ತೆ?" ಎಂದು ಮರಾಠಿಯಲ್ಲಿ ಕೇಳಿದೆ. ಇಂದಾಪುರ ಅಂದ. ಹಾಗಾದರೆ ಒಂದು ಕೊಡು ಅಂದೆ. ಮೂರು ತಾಸು ಕಣ್ಣು ಬಿಟ್ಟುಕೊಂಡು ಕಿಟಕಿಯಲ್ಲಿ ಕಬ್ಬು ನೋಡುತ್ತ ಕೂತಿದ್ದೆ. ಹೆದರಿಕೆ ಆಗಲಿಲ್ಲ, ಅದೇ ಹೆದರಿಕೆಯ ಸಂಗತಿ. ಇಳಿದು ಅರ್ಧ ಲೋಟ ಚಹಾ ಕುಡಿದ ಮೇಲೆ ತಲೆಯೊಳಗೆ ದೀಪ ಹತ್ತಿತು. ಆಗ ಉಳಿದ ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಬೆಲ್ಲಿನ ಬೋರ್ಡಿನ ಮುಂದೆ ಮತ್ತೆ ಅದೇ ಆಯಿತು. ಕೈಯಲ್ಲಿ ಒಂದು ಹಾಳೆ ಇತ್ತು. ಅಕ್ಷರ ಕಾಣುತ್ತಿತ್ತು, ಓದಲೂ ಬರುತ್ತಿತ್ತು. ಅದು ನನ್ನ ಕೈಯಲ್ಲೇಕಿದೆ ಎಂಬುದು ಮಾತ್ರ ಹೊಳೆಯಲಿಲ್ಲ. ಒಳ್ಳೆಯ ಓಣಿ, ಒಳ್ಳೆಯ ಬಿಸಿಲು, ಯಾರದೋ ಗೊರಕೆ. ಸುಮ್ಮನೆ ನಿಂತಿದ್ದೆ. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ.

ಆಮೇಲೆ ಹಸಿರು ಸೀರೆಯ ಒಬ್ಬ ಹೆಂಗಸು ನನ್ನ ಪಕ್ಕದಿಂದ ಹಾಯ್ದು ಮುಂದೆ ಹೋದಳು. ಎಡಗಾಲಿನ ಚಪ್ಪಲಿ ಸ್ವಲ್ಪ ಎಳೆದು ಹಾಕುತ್ತಿದ್ದಳು. ಈ ಹೆಂಗಸಿನ ಹಿಂದೆ ಹೋಗಬೇಕು ಅನ್ನಿಸಿತು. ಏಕೆ ಎಂದು ಕೇಳಿಕೊಳ್ಳಲಿಲ್ಲ. ಹೊರಟೆ. ಆಕೆ ಒಂದು ಸಂದಿಗೆ ತಿರುಗಿದಳು, ನಾನೂ ತಿರುಗಿದೆ. ಎರಡು ಹಳೆಯ ಮನೆಗಳ ನಡುವೆ ಸಾಗಿದಳು, ನಾನೂ ಸಾಗಿದೆ. ಕೊನೆಗೆ ಅರ್ಧ ಇಳಿಸಿದ ಶಟರಿನ ಮುಂದೆ ನಿಂತಳು. ಒಳಗೆ ತಾಮ್ರದ ಹಂಡೆಗಳ ನಡುವೆ ಒಬ್ಬ ಮನುಷ್ಯ ಬನಿಯನ್ನಿನಲ್ಲಿ ಮಲಗಿದ್ದ, ತಲೆಯ ಹತ್ತಿರ ಸುತ್ತಿಗೆ ಇತ್ತು. ಹೆಂಗಸು ತಿರುಗಿದಳು. ಮುಖ ನೋಡಿದೆ. ನನ್ನ ಹೆಂಡತಿ.

ಆಕೆಗೆ ನಗು ತಡೆಯಲಾಗುತ್ತಿರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನ ಹತ್ತಿರ ಬಂದಳು.

"ಎಷ್ಟ ಶಾಣ್ಯಾ ಅದೀರಿ! ನಾ ಮುಂದ ಹಾದ ಕೂಡ್ಲೆ ಸುಮ್ಮನ ಬೆನ್ನ ಹತ್ತಿದ್ರಿ ನೋಡ್ರಿ. ದೇವಸ್ಥಾನದಾಗ ಹೂವಿನಾಕಿಗೆ ದಾರಿ ಕೇಳಿಟ್ಟಿದ್ದೆ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ರೈಟ್ ಹಾಕೇನಿ."

"ಮೋಸ ಮಾಡಿದಿ," ಅಂದೆ.

"ಮೋಸ ಅಲ್ರಿ, ನನ್ನ ಜೀವಾ ಉಳಿಸ್ಕೊಂಡೆ. ಮತ್ತ ಆ ಪಟ್ಟಿ ಹಿಡಕೊಂಡು ನನ್ನ ರೊಟ್ಟಿ ಅಳೀಲಿಕ್ಕೆ ಬಂದ್ರ ನಾ ಬದುಕತೀನೇನು?"

ಅವಳ ಲೆಕ್ಕದಲ್ಲಿ ನಾವಿಬ್ಬರೂ ಕೂಡಿ ಮಗಳ ಕಣ್ಣಿಗೆ ಮಣ್ಣೆರಚಿದ್ದೆವು. ಮದುವೆಯಾದ ಹೊಸದರಲ್ಲಿ ನಮ್ಮವ್ವನಿಗೆ ಸುಳ್ಳು ಹೇಳಿ ಧಾರವಾಡದಿಂದ ಹುಬ್ಬಳ್ಳಿಗೆ ಸಿನಿಮಾಕ್ಕೆ ಹೋಗಿದ್ದಾಗ ಇದೇ ಮುಖ ಮಾಡಿದ್ದಳು. ಅಷ್ಟು ಚಂದದ ಮುಖ ಕೆಡಿಸಲು ನನಗೆ ಬಾಯಿ ಬರಲಿಲ್ಲ. ನಕ್ಕೆ. ಎಂಥ ಕಳ್ಳ ನಾನು!

ಉಳಿದ ಮೂರು ಜಾಗ ನೀರು ಕುಡಿದಂತೆ ಮುಗಿದವು. ಜೋಗೇಶ್ವರಿ ದೇವಸ್ಥಾನ ಸಿಕ್ಕಿತು. ವಿಶ್ರಾಮಬಾಗ್ ವಾಡೆಯ ಮರದ ಕಂಬಗಳ ಕೆತ್ತನೆ ಚೆನ್ನಾಗಿತ್ತು, ಕಟ್ಟಿದವರಿಗೆ ಅಳತೆ ಗೊತ್ತಿತ್ತು ಎಂದು ಮನಸ್ಸಿನಲ್ಲೇ ಹೊಗಳಿದೆ. ತುಳಶಿಬಾಗ್ ಮಾರುಕಟ್ಟೆಗೆ ಬರುವ ಹೊತ್ತಿಗೆ ನಾಲ್ಕಾಗಿ, ಎದ್ದ ಅಂಗಡಿಗಳು ಆಕಳಿಸುತ್ತ ಬಾಗಿಲು ತೆರೆಯುತ್ತಿದ್ದವು. ಪರೀಕ್ಷಕಿ ಪರೀಕ್ಷೆ ಬಿಟ್ಟು ಒಂದು ಚಹಾ ಸೋಸುವ ಜಾಳಿಗೆಗಾಗಿ ಅರ್ಧ ತಾಸು ಜಗಳವಾಡಿದಳು. ಏಳಕ್ಕೆ ಏಳು ರೈಟ್. ತಾಂಬಟ ಓಣಿ ಬಿಟ್ಟ ಮೇಲೆ ಒಂದು ಸಲವೂ ನನಗೆ ದಾರಿ ತಪ್ಪಲಿಲ್ಲ, ತಲೆ ಕನ್ನಡಿಯಂತಿತ್ತು. ಹೀಗಿರುವಾಗ ಆ ಒಂದು ಓಣಿಯನ್ನು ಯಾಕೆ ಎಣಿಸಬೇಕು, ಬಿಸಿಲಿಗೆ ಯಾರಿಗಾದರೂ ಹಾಗಾಗುತ್ತದೆ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ.

ವಾಕಡದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಹತ್ತು ನಿಮಿಷಕ್ಕೆ ಹೆಂಡತಿ ನನ್ನ ಹೆಗಲ ಮೇಲೆ ತಲೆ ಇಟ್ಟಳು.

"ನಮ್ಮ ಸ್ಟಾಪ್ ಬಂದ್ರ ಎಬ್ಬಸ್ರಿ," ಎಂದು ಮಲಗಿಯೇ ಬಿಟ್ಟಳು.

ನಮ್ಮ ಸ್ಟಾಪು. ಕಿಟಕಿಯ ಹೊರಗೆ ನೋಡಿದೆ. ಒಂದೊಂದು ಸ್ಟಾಪು ಬಂದಾಗಲೂ ಅದರ ಹೆಸರನ್ನು ಬಾಯಲ್ಲಿ ಅಂದುಕೊಂಡೆ, ಮುಂದಿನದು ಯಾವುದು ಎಂದು ಮತ್ತೆ ಅಂದುಕೊಂಡೆ, ಹೆಂಡತಿಯ ಹೆಸರನ್ನೂ ನಡುವೆ ಅಂದುಕೊಂಡೆ. ಆಕೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ನಾನು ಮರೆತರೆ ಈ ಬಸ್ಸು ಇವಳನ್ನೂ ಎಲ್ಲಿಗೋ ಒಯ್ಯುತ್ತದೆ. ನಾಲ್ಕು ಬೈಗುಳ ಬೈದುಕೊಂಡೆ, ಎಲ್ಲವೂ ನನಗೇ. ಸ್ಟಾಪು ಬಂತು, ಎಬ್ಬಿಸಿದೆ, ಇಳಿದೆವು.

ಮನೆಯಲ್ಲಿ ಮಗಳೂ ಅಳಿಯನೂ ಕಾಯುತ್ತಿದ್ದರು. ಹೆಂಡತಿ ಪರ್ಸಿನಿಂದ ಹಾಳೆ ತೆಗೆದು ಟೇಬಲ್ಲಿನ ಮೇಲೆ ಬಡಿದಳು.

"ಏಳಕ್ಕ ಏಳು! ಒಬ್ಬರ ಹುಡುಕ್ಯಾರ. ನಾ ಹಿಂದ ಬರೋದರಾಗ ಸಾಕಾಗಿ ಹೋತು."

"ಸೂಪರ್ ಮಾವ!" ಅಂದ ಅಳಿಯ.

ಮಗಳು ಹಾಳೆ ನೋಡಿದಳು, ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂದಿತ್ತು. "ಸಾರಿ ಅಪ್ಪಾ. ನಾನ ಸುಮ್ಮನ ಹೆದರಿದ್ದೆ. ನಾಳಿಂದ ನೀ ಎಲ್ಲಿಗೆ ಬೇಕಾದಲ್ಲಿ ಹೋಗು. ಡಾಕ್ಟರ್ ವಿಷಯ ಬಿಟ್ಟಬಿಡೂಣು."

ಐದು ವಾರದಿಂದ ಕಾಯ್ದ ಮಾತು. ಹೂಂ ಅಂದು ಒಳಗೆ ಹೋಗಿ ಕಾಲು ತೊಳೆದುಕೊಂಡರೆ ಮುಗಿಯುತ್ತಿತ್ತು.

"ನಾಲ್ಕನೇದು ನಾ ಹುಡುಕಲಿಲ್ಲ," ಅಂದೆ.

"ಅಯ್ಯ ನಿಮ್ಮ! ಸುಮ್ಮನಿರ್ರಿ," ಹೆಂಡತಿ ಕಣ್ಣು ಬಿಟ್ಟಳು.

"ಇಲ್ಲ. ಒಬ್ಬಾಕಿ ಹೆಣ್ಣಮಗಳ ಬೆನ್ನ ಹತ್ತಿ ಹೋದೆ."

ಅಳಿಯ ಮಗಳ ಮುಖ ನೋಡಿದ. ಹೆಂಡತಿಗೆ ನಗು ಬಂತು. ಗುಟ್ಟು ಹೇಗೂ ಬಯಲಾಯಿತು, ಇನ್ನು ಮಜಾ ಆದರೂ ತೆಗೆದುಕೊಳ್ಳೋಣ ಎಂದು ಸೊಂಟದ ಮೇಲೆ ಕೈ ಇಟ್ಟು ಕೇಳಿದಳು:

"ಹೌದಾ? ಯಾರಿದ್ಲು ಆಕಿ, ಹೇಳ್ರಲಾ ಎಲ್ಲಾರ ಮುಂದ."

"ಗೊತ್ತಿರಲಿಲ್ಲ," ಅಂದೆ.

ಆಕೆ ಇನ್ನೂ ನಗುತ್ತಿದ್ದಳು.

"ಖರೇನ ಗೊತ್ತಿರಲಿಲ್ಲ. ನೀ ತಿರುಗಿ ಮಾರಿ ತೋರಸೂತನಕ ನನಗ ಯಾರಂತ ತಿಳೀಲಿಲ್ಲ. ಇಂದಾಪುರದಾಗೂ ಹಿಂಗ ಆಗಿತ್ತು. ನಿದ್ದಿ ಹತ್ತಿರಲಿಲ್ಲ."

ನಗು ಅವಳ ಮುಖದಿಂದ ಒಮ್ಮೆಗೇ ಹೋಗಲಿಲ್ಲ. ಬಾಯಿ ಹಾಗೆಯೇ ಇತ್ತು, ಕಣ್ಣುಗಳು ಮಾತ್ರ ನನ್ನನ್ನು ಹುಡುಕುತ್ತಿದ್ದವು. ಕುರ್ಚಿ ಎಳೆದು ಕೂತಳು. ಆಮೇಲೆ ಕೈ ಚಾಚಿ ನನ್ನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಮಗಳ ಕಡೆ ತಿರುಗಿ, ಡಾಕ್ಟರಿಗೆ ಫೋನ್ ಹಚ್ಚು ಅಂದಳು.

ನಾನು ಬೇಡ ಅನ್ನಲಿಲ್ಲ.